ಕ್ಯಾಂಪಸ್ ಕಟ್ಟಡಗಳ ಒಳಗೆ ದಾರಿ ತೋರಿಸುವ ವ್ಯವಸ್ಥೆ: ನಕ್ಷೆಯಿಂದ ನಿರ್ವಹಣೆಯವರೆಗೆ ಸಮಗ್ರ ಮಾರ್ಗದರ್ಶಿ

ವಿಶ್ವವಿದ್ಯಾಲಯದ ಕಟ್ಟಡಗಳ ಒಳಗೆ ದಾರಿ ತೋರಿಸುವ ಆ್ಯಪ್ ಮಾಡಲು ಹೊರಟ ತಂಡಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ಮೊದಲು ಬೀಕನ್ (ತನ್ನ ಗುರುತನ್ನು ಸದಾ ಬಿತ್ತರಿಸುತ್ತಿರುವ ಚಿಕ್ಕ ಬ್ಲೂಟೂತ್ ಸಾಧನ) ತರಿಸುತ್ತಾರೆ, ಗೋಡೆಗೆ ಅಂಟಿಸುತ್ತಾರೆ, ಫೋನಿನ ಪರದೆಯ ಮೇಲೆ ನೀಲಿ ಚುಕ್ಕೆ ಓಡಾಡಿದ್ದನ್ನು ನೋಡಿ ಮುಕ್ಕಾಲು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಒಂದೊಂದೇ ಹುಳುಕು ಹೊರಬೀಳುತ್ತದೆ. ಯಾವಾಗಲೋ ಒಡೆದುಹಾಕಿದ ಗೋಡೆ ನಕ್ಷೆಯಲ್ಲಿ ಇನ್ನೂ ನಿಂತಿದೆ. 204 ಎಂಬ ಕೊಠಡಿ ನಾಲ್ಕು ಕಟ್ಟಡಗಳಲ್ಲಿದೆ. ಆ್ಯಪ್ ತೋರಿಸಿದ ಲಿಫ್ಟ್ ಆ ಮಹಡಿಯಲ್ಲಿ ನಿಲ್ಲುವುದೇ ಇಲ್ಲ. ತಾನೆಲ್ಲಿದ್ದೇನೆ ಎಂಬುದು ವಿದ್ಯಾರ್ಥಿಗೆ ಗೊತ್ತಾಗುತ್ತದೆ, ಹೋಗಬೇಕಾದ ಕೊಠಡಿ ಮಾತ್ರ ಸಿಗುವುದಿಲ್ಲ.

ಆದ್ದರಿಂದ ಇಲ್ಲಿ ನಕ್ಷೆ ಮೊದಲು, ದಾರಿಗಳ ಜಾಲ ಎರಡನೆಯದು, ಸ್ಥಾನಪತ್ತೆ ಕೊನೆಗೆ. 6ನೇ ಹಂತ ಮುಗಿಯುವ ತನಕ ಒಂದೇ ಒಂದು ಬೀಕನ್ ಕೊಳ್ಳಬೇಡಿ. ಆರಕ್ಕೇ ನಿಲ್ಲಿಸಿದರೂ ಜನ ಬಳಸಬಹುದಾದ ವ್ಯವಸ್ಥೆಯೊಂದು ನಿಮ್ಮ ಕೈಯಲ್ಲಿರುತ್ತದೆ.

## ಶುರುವಿಗೆ ಮುನ್ನ ಕೈಯಲ್ಲಿರಬೇಕಾದದ್ದು

ಕಟ್ಟಡಗಳ ಕ್ಯಾಡ್ ನಕ್ಷೆಗಳು (ವಾಸ್ತುಶಿಲ್ಪಿಗಳು ಕಂಪ್ಯೂಟರಿನಲ್ಲಿ ಬಿಡಿಸಿದವು), ಲೇಸರ್ ದೂರಮಾಪಕ, ನಕ್ಷೆ ತಿದ್ದಲು ಕ್ಯೂಜಿಐಎಸ್ ತಂತ್ರಾಂಶ, ಪೋಸ್ಟ್‌ಜಿಐಎಸ್ (ಜಾಗಗಳ ಡೇಟಾ ಇಡಲು ನೆರವಾಗುವ ಜೋಡಣೆ) ಹಾಕಿದ ಡೇಟಾಬೇಸ್, ಬೇರೆ ಬೇರೆ ಕಂಪನಿಗಳ ಮೂರ್ನಾಲ್ಕು ಫೋನುಗಳು (ಅದರಲ್ಲಿ ಒಂದಾದರೂ ಐಫೋನ್, ಒಂದಾದರೂ ಹಳೆಯ ಅಗ್ಗದ ಆಂಡ್ರಾಯ್ಡ್). ಸಲಕರಣೆಗಳ ಮಟ್ಟಿಗೆ ಇಷ್ಟು ಸಾಕು.

ಸಲಕರಣೆಗಿಂತ ಜನ ಮುಖ್ಯ. ಕಟ್ಟಡ ನಿರ್ವಹಣಾ ವಿಭಾಗದ ಒಬ್ಬರು ತಂಡದಲ್ಲಿ ಇರಲೇಬೇಕು. ಯಾವ ಬಾಗಿಲಿಗೆ ಸಂಜೆ ಬೀಗ ಬೀಳುತ್ತದೆ, ಯಾವ ಲಿಫ್ಟ್ ಸಾಮಾನು ಸಾಗಿಸಲು ಮಾತ್ರ, ಯಾವ ಗೋಡೆ ಮುಂದಿನ ರಜೆಯಲ್ಲಿ ಬೀಳಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇವು ಯಾವ ಕಡತದಲ್ಲೂ ಸಿಗುವುದಿಲ್ಲ. ಗಾಲಿಕುರ್ಚಿ ಬಳಸುವವರು ಮತ್ತು ದೃಷ್ಟಿ ತೊಂದರೆ ಇರುವವರು ಕೊನೆಯ ಪರೀಕ್ಷೆಗಷ್ಟೇ ಅಲ್ಲ, ಮೊದಲ ವಾರದಿಂದಲೇ ಜೊತೆಗಿರಲಿ. ಅವರನ್ನು ಕೊನೆಗೆ ಕರೆದರೆ ದಾರಿಜಾಲವನ್ನೇ ಮತ್ತೆ ಬರೆಯಬೇಕಾಗುತ್ತದೆ.

## ಹಂತ 1: ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಕಲೆಹಾಕಿ

ಸ್ವಾಗತ ಕೌಂಟರ್, ಗ್ರಂಥಾಲಯದ ಮೇಜು, ಕಾವಲುಗಾರರು, ಈ ಮೂರು ಕಡೆ ಜನ ದಿನವೂ ದಾರಿ ಕೇಳುತ್ತಾರೆ. ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡಲು ಹೇಳಿ. "ಪರೀಕ್ಷಾ ವಿಭಾಗ ಎಲ್ಲಿ?", "ಕೆಮಿಸ್ಟ್ರಿ ಲ್ಯಾಬ್‌ಗೆ ಲಿಫ್ಟ್ ಇದೆಯಾ?", "ಹತ್ತಿರದ ಶೌಚಾಲಯ ಯಾವುದು?"

ಈ ಪಟ್ಟಿಯಿಂದ ಎರಡು ಲಾಭ. ಯಾವ ಕಟ್ಟಡದಿಂದ ಶುರು ಮಾಡಬೇಕು ಎಂಬುದು ಗೊತ್ತಾಗುತ್ತದೆ, ಜನ ಜಾಗಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದೂ ಗೊತ್ತಾಗುತ್ತದೆ. ಇಡೀ ಕ್ಯಾಂಪಸ್ಸನ್ನು ಒಟ್ಟಿಗೆ ಎತ್ತಿಕೊಳ್ಳಬೇಡಿ. ಒಂದಕ್ಕೊಂದು ಸೇರಿಕೊಂಡಿರುವ ಎರಡು ಕಟ್ಟಡ ಆರಿಸಿ. ಒಂದೇ ಕಟ್ಟಡ ತೆಗೆದುಕೊಂಡರೆ ಕಟ್ಟಡದಿಂದ ಕಟ್ಟಡಕ್ಕೆ ದಾಟುವ ಕಷ್ಟ ಕಣ್ಣಿಗೇ ಬೀಳುವುದಿಲ್ಲ. ನಿಜವಾದ ತೊಡಕು ಇರುವುದೇ ಅಲ್ಲಿ.

## ಹಂತ 2: ನಕ್ಷೆಯನ್ನು ನೆಲಕ್ಕೆ ಕೂರಿಸಿ

ಕ್ಯಾಡ್ ಕಡತ ತೆರೆದ ಕೂಡಲೇ ಪೀಠೋಪಕರಣ, ಕೊಳಾಯಿ, ವಿದ್ಯುತ್, ಅಳತೆಯ ಗೆರೆಗಳಿರುವ ಪದರಗಳನ್ನು ಮುಚ್ಚಿ. ಗೋಡೆ, ಬಾಗಿಲು, ಮೆಟ್ಟಿಲು, ಲಿಫ್ಟ್ ಮಾತ್ರ ಉಳಿಯಲಿ. ನಂತರ ಅಳತೆಯ ಮಾನ ನೋಡಿ. ವಾಸ್ತುಶಿಲ್ಪಿಗಳು ಸಾಮಾನ್ಯವಾಗಿ ಮಿಲಿಮೀಟರಿನಲ್ಲಿ ಬಿಡಿಸಿರುತ್ತಾರೆ. ಅದನ್ನು ಮೀಟರ್ ಎಂದು ಓದಿಸಿದರೆ ಕಟ್ಟಡ ಸಾವಿರ ಪಟ್ಟು ಹಿಗ್ಗುತ್ತದೆ.

ಮುಂದಿನದು ನಕ್ಷೆಯನ್ನು ಭೂಮಿಯ ನಿಜವಾದ ಅಕ್ಷಾಂಶ ರೇಖಾಂಶಕ್ಕೆ ಹೊಂದಿಸುವ ಕೆಲಸ. ಕಟ್ಟಡದ ನಾಲ್ಕು ಮೂಲೆಯಾದರೂ ಬೇಕು, ಇನ್ನೆರಡು ಹೆಚ್ಚಿದ್ದರೆ ತಪ್ಪು ಹಿಡಿಯಲು ಅನುಕೂಲ. ಉಪಗ್ರಹ ಚಿತ್ರ ನೋಡಿ ಮೂಲೆ ಗುರುತಿಸುವಾಗ ಎಚ್ಚರ: ಚಿತ್ರ ಓರೆಯಿಂದ ತೆಗೆದಿದ್ದರೆ ಎತ್ತರದ ಕಟ್ಟಡದ ತಾರಸಿ ಬುಡಕ್ಕಿಂತ ಒಂದಷ್ಟು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ನಿಮಗೆ ಬೇಕಾದದ್ದು ಬುಡ.

ನೆಲಮಹಡಿ ಕೂತ ಮೇಲೆ ಉಳಿದ ಮಹಡಿಗಳನ್ನು ಮತ್ತೆ ಹೊರಗಿನ ಮೂಲೆಗಳಿಂದ ಹೊಂದಿಸಬೇಡಿ. ಮೇಲಿನ ಮಹಡಿ ಹೊರಕ್ಕೆ ಚಾಚಿಕೊಂಡಿರಬಹುದು. ಲಿಫ್ಟ್ ಬಾವಿಯ (ಲಿಫ್ಟ್ ಮೇಲೆ ಕೆಳಗೆ ಓಡಾಡುವ ಪೊಳ್ಳು ಜಾಗ) ನಾಲ್ಕು ಮೂಲೆ, ಮೆಟ್ಟಿಲಕೋಣೆಯ ಗೋಡೆ, ಕಂಬಗಳು ಎಲ್ಲ ಮಹಡಿಯಲ್ಲೂ ಒಂದರ ಮೇಲೊಂದು ಬರುತ್ತವೆ. ಅವನ್ನೇ ಹಿಡಿದು ಹೊಂದಿಸಿ. ಎಲ್ಲ ಮಹಡಿಗಳನ್ನೂ ಅರೆಪಾರದರ್ಶಕ ಮಾಡಿ ಒಟ್ಟಿಗೆ ನೋಡಿದಾಗ ಲಿಫ್ಟ್ ಬಾವಿ ಒಂದೇ ಚೌಕವಾಗಿ ಕಂಡರೆ ಕೆಲಸ ಸರಿಯಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಜಾರಿದ ಚೌಕಗಳು ಕಂಡರೆ ಮಹಡಿ ಬದಲಿಸಿದಾಗಲೆಲ್ಲ ಚುಕ್ಕೆ ಪಕ್ಕದ ಕೊಠಡಿಗೆ ಹಾರುವುದು ಖಂಡಿತ.

ಡೇಟಾವನ್ನು ಜಿಯೋಜೇಸನ್ (ನಕ್ಷೆಯ ಡೇಟಾ ಬರೆದಿಡುವ ಪಠ್ಯರೂಪ) ರೂಪದಲ್ಲಿ ಉಳಿಸುವಾಗ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ ಬರೆಯಬೇಕು. ಬಾಯಿಮಾತಿನ ರೂಢಿ ಇದಕ್ಕೆ ತಿರುಗುಮುರುಗು. ಕಟ್ಟಡ ಸಮುದ್ರದ ನಡುವೆಯೋ ಬೇರೊಂದು ಖಂಡದಲ್ಲೋ ಕಾಣಿಸಿದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನೇ ನೋಡಿ.

ಇಷ್ಟಾದ ಮೇಲೆ ಕಟ್ಟಡವನ್ನು ಕಾಲ್ನಡಿಗೆಯಲ್ಲಿ ಪೂರ್ತಿ ಸುತ್ತಿ. ನಕ್ಷೆಯ ಪ್ರತಿ ತೆಗೆದುಕೊಂಡು ಇಬ್ಬರು ಹೋಗಿ. ಒಬ್ಬರು ಬಾಗಿಲು ಓದಲಿ, ಇನ್ನೊಬ್ಬರು ಗುರುತು ಹಾಕಲಿ. ಹೊಸದಾಗಿ ಎದ್ದ ಪಾರ್ಟಿಷನ್, ಮುಚ್ಚಿದ ಬಾಗಿಲು, ಹೆಸರು ಬದಲಾದ ಕೊಠಡಿ, ಒಂದೇ ದಿಕ್ಕಿಗೆ ತೆರೆಯುವ ತುರ್ತು ಬಾಗಿಲು, ಕಾರಿಡಾರ್ ನಡುವೆ ಇರುವ ಒಂದೇ ಒಂದು ಮೆಟ್ಟಿಲು, ಎಲ್ಲವನ್ನೂ ಬರೆದುಕೊಳ್ಳಿ. ಆ ಒಂದು ಮೆಟ್ಟಿಲು ಕ್ಯಾಡ್ ನಕ್ಷೆಯಲ್ಲಿ ತೆಳ್ಳನೆಯ ಗೆರೆಯಷ್ಟೇ. ಗಾಲಿಕುರ್ಚಿಯಲ್ಲಿ ಬರುವವರ ಪಾಲಿಗೆ ದಾರಿ ಅಲ್ಲಿಗೇ ಮುಗಿಯಿತು.

## ಹಂತ 3: ಮಹಡಿ ಮತ್ತು ಕೊಠಡಿಗಳ ಗುರುತು ಗಟ್ಟಿ ಮಾಡಿ

ಪ್ರತಿ ಕೊಠಡಿಗೂ ಎಂದಿಗೂ ಬದಲಾಗದ ಒಂದು ಆಂತರಿಕ ಗುರುತು ಕೊಡಿ. ಬಾಗಿಲ ಮೇಲಿನ ಸಂಖ್ಯೆ, ಕಡತದಲ್ಲಿರುವ ಹೆಸರು, ಜನ ಕರೆಯುವ ಹೆಸರು, ಮೂರನ್ನೂ ಅದರ ಜೊತೆಗೆ ಬೇರೆ ಬೇರೆ ಅಂಕಣಗಳಲ್ಲಿ ಇಡಿ. ಸಂಖ್ಯೆಯನ್ನೇ ಗುರುತು ಮಾಡಿಕೊಂಡ ವ್ಯವಸ್ಥೆ, ಕೊಠಡಿಗಳಿಗೆ ಹೊಸ ಸಂಖ್ಯೆ ಬಿದ್ದ ದಿನವೇ ಕುಸಿಯುತ್ತದೆ.

ಮಹಡಿಗೂ ಹೀಗೆಯೇ. ತೋರಿಸುವ ಹೆಸರು ಬೇರೆ, ಲೆಕ್ಕಕ್ಕೆ ಬಳಸುವ ಕ್ರಮಸಂಖ್ಯೆ ಬೇರೆ. ಇಳಿಜಾರು ನೆಲದಲ್ಲಿ ಕಟ್ಟಿದ ಕ್ಯಾಂಪಸ್ಸಿನಲ್ಲಿ ಎ ಕಟ್ಟಡದ ಎರಡನೇ ಮಹಡಿಯಿಂದ ಸೇತುವೆ ದಾಟಿದರೆ ಬಿ ಕಟ್ಟಡದ ಮೂರನೇ ಮಹಡಿಗೆ ಕಾಲಿಡುತ್ತೀರಿ. ಎರಡನೇ ಮಹಡಿ ಎಂದರೆ ಎಲ್ಲ ಕಡೆ ಒಂದೇ ಎತ್ತರ ಎಂದು ನಂಬಿದ ಪ್ರೋಗ್ರಾಂ ಇಲ್ಲಿ ಸೇತುವೆಯನ್ನೇ ಕಾಣುವುದಿಲ್ಲ. ಪ್ರತಿ ಮಹಡಿಯ ನೆಲದ ಎತ್ತರವನ್ನು ಮೀಟರಿನಲ್ಲಿ ಬರೆದಿಡಿ, ಸೇತುವೆಯ ಎರಡು ತುದಿಯ ಮಹಡಿಗಳನ್ನು ಬೇರೆ ಬೇರೆಯಾಗಿ ನಮೂದಿಸಿ.

ನಿಮ್ಮದೇ ಹೊಸ ಡೇಟಾ ಮಾದರಿ ಕಟ್ಟುವ ಆಸೆ ಬೇಡ. ಆ್ಯಪಲ್ ರೂಪಿಸಿದ ಐಎಂಡಿಎಫ್, ಭೂನಕ್ಷೆ ಮಾನದಂಡಗಳನ್ನು ರೂಪಿಸುವ ಓಜಿಸಿ ಸಂಸ್ಥೆಯ ಇಂಡೋರ್‌ಜಿಎಂಎಲ್, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರಳ ಒಳಾಂಗಣ ಟ್ಯಾಗ್ ಪದ್ಧತಿ, ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಸಣ್ಣ ತಂಡಕ್ಕೆ ಐಎಂಡಿಎಫ್ ಸುಲಭ. ಅದು ಜಿಯೋಜೇಸನ್ ಮೇಲೆಯೇ ನಿಂತಿದೆ, ಮಹಡಿಯ ಹೆಸರಿಗೂ ಕ್ರಮಸಂಖ್ಯೆಗೂ ಬೇರೆ ಬೇರೆ ಜಾಗ ಅದರಲ್ಲಿ ಮೊದಲೇ ಇದೆ.

ಇನ್ನೊಂದು ಮಾತು. ಸರ್ವರ್ ಕೋಣೆ, ರಾಸಾಯನಿಕ ಉಗ್ರಾಣ, ಭದ್ರತಾ ನಿಯಂತ್ರಣ ಕೊಠಡಿಗಳು ಸಾರ್ವಜನಿಕ ನಕ್ಷೆಯಲ್ಲಿ ಕಾಣಬಾರದು. ಅವನ್ನು ಪರದೆಯ ಮೇಲೆ ಮರೆಮಾಡಿದರೆ ಸಾಲದು. ಫೋನಿಗೆ ಇಳಿಯುವ ಕಡತದಲ್ಲೇ ಇರದಂತೆ ಸರ್ವರ್ ಮಟ್ಟದಲ್ಲಿ ತೆಗೆದುಬಿಡಿ.

## ಹಂತ 4: ದಾರಿಜಾಲ ಹೆಣೆಯಿರಿ

ಗೋಡೆಗಳ ನಕ್ಷೆ ನೋಡಿ ಫೋನ್ ತಾನಾಗಿ ದಾರಿ ಕಂಡುಹಿಡಿಯಲಾರದು. ಅದಕ್ಕೆ ನೋಡ್ ಮತ್ತು ಎಡ್ಜ್‌ಗಳ ಗ್ರಾಫ್ ಬೇಕು: ನೋಡ್ ಎಂದರೆ ಬಿಂದು, ಎಡ್ಜ್ ಎಂದರೆ ಎರಡು ಬಿಂದುಗಳನ್ನು ಸೇರಿಸುವ ಗೆರೆ. ಕಾರಿಡಾರ್ ತಿರುವು, ಕೂಡುವ ಜಾಗ, ಪ್ರತಿ ಬಾಗಿಲಿನ ಎದುರು, ಮೆಟ್ಟಿಲಿನ ಮೇಲೆ ಮತ್ತು ಕೆಳಗೆ, ಪ್ರತಿ ಮಹಡಿಯ ಲಿಫ್ಟ್ ಬಾಗಿಲಲ್ಲಿ ಒಂದೊಂದು ನೋಡ್ ಇಡಿ. ಕಾರಿಡಾರಿನ ನಡುಗೆರೆ ಹಿಡಿದು ಎಡ್ಜ್ ಎಳೆಯಿರಿ. ದೊಡ್ಡ ಹಾಲ್, ತೆರೆದ ಅಂಗಳಗಳಲ್ಲಿ ಒಂದೇ ನಡುಗೆರೆ ಎಳೆದರೆ ಆ್ಯಪ್ ಜನರನ್ನು ಸುಮ್ಮನೆ ಮಧ್ಯಕ್ಕೆ ಕರೆದೊಯ್ದು ಮತ್ತೆ ಪಕ್ಕಕ್ಕೆ ತಿರುಗಿಸುತ್ತದೆ. ಅಂಥ ಕಡೆ ಬಾಗಿಲಿನಿಂದ ಬಾಗಿಲಿಗೆ ನೇರ ಗೆರೆಗಳನ್ನೇ ಹಾಕಿ.

ಎಡ್ಜ್‌ನ ತೂಕವನ್ನು (ಅದನ್ನು ದಾಟಲು ತಗಲುವ ವೆಚ್ಚವನ್ನು) ಮೀಟರಿನಲ್ಲಿ ಅಲ್ಲ, ಸೆಕೆಂಡಿನಲ್ಲಿ ಬರೆಯಿರಿ. 52 ಮೀಟರ್ ಕಾರಿಡಾರ್, ಸೆಕೆಂಡಿಗೆ 1.3 ಮೀಟರ್ ನಡಿಗೆ ಎಂದರೆ 40 ಸೆಕೆಂಡ್. ಮೀಟರಿನಲ್ಲಿ ಬರೆದರೆ ಲಿಫ್ಟಿನ ಕಾಯುವಿಕೆಯನ್ನು ಎಲ್ಲಿ ಇಡುತ್ತೀರಿ?

ಲಿಫ್ಟಿನ ಲೆಕ್ಕ ತಪ್ಪುವುದು ತೀರಾ ಸಾಮಾನ್ಯ. ಮಹಡಿಯಿಂದ ಮಹಡಿಗೆ ಹೋಗುವ ಪ್ರತಿ ಎಡ್ಜ್‌ಗೂ ಕಾಯುವ ಸಮಯ ಸೇರಿಸಿಬಿಡುತ್ತಾರೆ. ಆಗ ಐದು ಮಹಡಿ ಏರಲು ಐದು ಸಲ ಕಾದ ಲೆಕ್ಕವಾಗಿ, ಆ್ಯಪ್ ಎಲ್ಲರನ್ನೂ ಮೆಟ್ಟಿಲಿಗೆ ಅಟ್ಟುತ್ತದೆ. ಸರಿಯಾದ ಕ್ರಮ ಹೀಗಿದೆ: ಪ್ರತಿ ಮಹಡಿಯಲ್ಲಿ ಲಿಫ್ಟ್ ಎದುರಿಗೆ ಒಂದು ನೋಡ್, ಲಿಫ್ಟಿನ ಒಳಗೆ ಇನ್ನೊಂದು ನೋಡ್. ಹೊರಗಿನಿಂದ ಒಳಕ್ಕೆ ಹೋಗುವ ಎಡ್ಜ್‌ಗೆ ಮಾತ್ರ ಕಾಯುವ ಸಮಯ, ಒಳಗಿನ ನೋಡ್‌ಗಳ ನಡುವೆ ಚಲಿಸುವ ಸಮಯ ಮಾತ್ರ. ಉದಾಹರಣೆಗೆ ಕಾಯಲು 45 ಸೆಕೆಂಡ್, ಮಹಡಿಗೆ 5 ಸೆಕೆಂಡ್, ಮೆಟ್ಟಿಲಾದರೆ ಮಹಡಿಗೆ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದು ಮಹಡಿಗೆ ಲಿಫ್ಟ್ 50, ಮೆಟ್ಟಿಲು 20. ಐದು ಮಹಡಿಗೆ ಲಿಫ್ಟ್ 70, ಮೆಟ್ಟಿಲು 100. ಹತ್ತಿರಕ್ಕೆ ಮೆಟ್ಟಿಲು, ದೂರಕ್ಕೆ ಲಿಫ್ಟ್ ಎಂಬ ಆಯ್ಕೆ ಬೇರೆ ನಿಯಮವಿಲ್ಲದೆ ತಾನೇ ಬರುತ್ತದೆ. ನಿಮ್ಮ ಲಿಫ್ಟಿನ ನಿಜವಾದ ಸಮಯವನ್ನು ನೀವೇ ಗಡಿಯಾರ ಹಿಡಿದು ಅಳೆಯಿರಿ, ತರಗತಿ ಬಿಡುವ ಹೊತ್ತಿನಲ್ಲಿ ಒಮ್ಮೆ, ಖಾಲಿ ಹೊತ್ತಿನಲ್ಲಿ ಇನ್ನೊಮ್ಮೆ.

ಪ್ರತಿ ಎಡ್ಜ್‌ಗೂ ಇನ್ನಷ್ಟು ಗುಣಗಳು ಬೇಕು: ಮೆಟ್ಟಿಲೇ ರ‍್ಯಾಂಪೇ, ಇಳಿಜಾರು ಎಷ್ಟು, ಬಾಗಿಲ ಅಗಲ ಎಷ್ಟು, ಬಾಗಿಲು ಭಾರವೇ ಸ್ವಯಂಚಾಲಿತವೇ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಗುರುತಿನ ಕಾರ್ಡ್ ಬೇಕೇ, ತಾತ್ಕಾಲಿಕವಾಗಿ ಮುಚ್ಚಿದೆಯೇ. ಈ ಅಂಕಣಗಳನ್ನು ಈಗ ಖಾಲಿಯಾದರೂ ಇಟ್ಟುಕೊಳ್ಳಿ. ಮುಂದೆ ಸೇರಿಸಲು ಹೊರಟರೆ ಕಟ್ಟಡವನ್ನು ಮತ್ತೊಮ್ಮೆ ಸುತ್ತಬೇಕು.

## ಹಂತ 5: ದಾರಿ ಲೆಕ್ಕಿಸಿ, ಕಾಗದದ ಮೇಲೆ ಪರೀಕ್ಷಿಸಿ

ಅತಿ ಕಡಿಮೆ ಸಮಯದ ದಾರಿ ಹುಡುಕುವ ಅಲ್ಗಾರಿದಮ್ (ಲೆಕ್ಕದ ವಿಧಾನ) ಆಯ್ಕೆಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಲವು ಸಾವಿರ ನೋಡ್‌ಗಳ ಗ್ರಾಫ್‌ಗೆ ಡೈಕ್‌ಸ್ಟ್ರಾ ಧಾರಾಳವಾಗಿ ಸಾಕು, ಫೋನಿನಲ್ಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಉಳಿದ ದಾರಿಯನ್ನು ಅಂದಾಜಿಸುತ್ತಾ ಹುಡುಕುವ ಎ-ಸ್ಟಾರ್ ಬಳಸುವುದಾದರೆ ಉಳಿದ ದಾರಿಯ ಅಂದಾಜು ನಿಜವಾದ ಸಮಯಕ್ಕಿಂತ ಎಂದೂ ಹೆಚ್ಚಾಗಬಾರದು. ಹೆಚ್ಚಾದರೆ ಸಿಗುವ ದಾರಿ ಅತಿ ಹತ್ತಿರದ್ದೇ ಎಂಬ ಖಾತರಿ ಹೋಗುತ್ತದೆ.

ಒಂದೇ ಗ್ರಾಫ್, ಹಲವು ಬಳಕೆದಾರ ಮಾದರಿ. ಗಾಲಿಕುರ್ಚಿ ಮಾದರಿಯಲ್ಲಿ ಮೆಟ್ಟಿಲ ಎಡ್ಜ್‌ಗಳ ತೂಕ ಹೆಚ್ಚಿಸುವುದಲ್ಲ, ಅವನ್ನು ಸಂಪೂರ್ಣ ಕಿತ್ತುಹಾಕಬೇಕು. ತೂಕ ಹೆಚ್ಚಿಸಿ ಬಿಟ್ಟರೆ ಬೇರೆ ದಾರಿಯೇ ಇಲ್ಲದಾಗ ಆ್ಯಪ್ ಮೆಟ್ಟಿಲನ್ನೇ ತೋರಿಸುತ್ತದೆ, ಮನುಷ್ಯ ಅಲ್ಲಿಯವರೆಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ದಾರಿ ಇಲ್ಲದಿದ್ದರೆ ಹೊರಡುವ ಮೊದಲೇ "ಮೆಟ್ಟಿಲಿಲ್ಲದ ದಾರಿ ಇಲ್ಲ" ಎಂದು ಸ್ಪಷ್ಟವಾಗಿ ಹೇಳಿ. 1:12ಕ್ಕಿಂತ ಕಡಿದಾದ ರ‍್ಯಾಂಪ್‌ಗಳನ್ನೂ ಈ ಮಾದರಿಯಲ್ಲಿ ಸೇರಿಸಬೇಡಿ.

ಈಗ 1ನೇ ಹಂತದ ಪಟ್ಟಿಯಿಂದ ಐವತ್ತು ಜೋಡಿ (ಹೊರಡುವ ಜಾಗ, ತಲುಪಬೇಕಾದ ಜಾಗ) ಆರಿಸಿ, ಪ್ರತಿಯೊಂದಕ್ಕೂ ದಾರಿ ಮುದ್ರಿಸಿ, ಕಟ್ಟಡ ಚೆನ್ನಾಗಿ ಬಲ್ಲ ಒಬ್ಬ ಹಳೆಯ ಸಿಬ್ಬಂದಿಯ ಮುಂದಿಡಿ. "ಇಲ್ಲಿ ಯಾಕೆ ಸುತ್ತು ಬರ್ತೀರಿ, ಪಕ್ಕದಲ್ಲೇ ಬಾಗಿಲಿದೆಯಲ್ಲ" ಎಂದು ಅವರು ಹೇಳಿದ ಕಡೆಯೆಲ್ಲ ಒಂದು ಎಡ್ಜ್ ಬಿಟ್ಟುಹೋಗಿದೆ. ಒಂದು ಕೊಠಡಿಗೆ ದಾರಿಯೇ ಸಿಗದಿದ್ದರೆ ಎರಡು ನೋಡ್‌ಗಳು ಅಕ್ಕಪಕ್ಕ ಕೂತಿದ್ದರೂ ಒಂದಕ್ಕೊಂದು ಸೇರಿಲ್ಲ ಎಂದರ್ಥ. ಪರದೆಯ ಮೇಲೆ ಕೂಡಿದಂತೆ ಕಂಡರೂ ಡೇಟಾದಲ್ಲಿ ಬಿರುಕು ಇರುತ್ತದೆ.

## ಹಂತ 6: ಕ್ಯೂಆರ್ ಕೋಡ್‌ನಿಂದ ಚಾಲೂ ಮಾಡಿ

ಹೆಚ್ಚಿನವರು ಕೀಳಾಗಿ ಕಾಣುವ ಈ ಹಂತವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಗೋಡೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದ ಕ್ಷಣ ಮನುಷ್ಯ ನಿಂತ ಜಾಗ ಗೊತ್ತು, ಮಹಡಿ ಗೊತ್ತು. ಮೂರನೆಯದನ್ನು ಜನ ಮರೆಯುತ್ತಾರೆ: ಆತ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ, ಆದ್ದರಿಂದ ದಿಕ್ಕೂ ಗೊತ್ತು. ಪ್ರತಿ ಕೋಡ್‌ಗೆ ಗೋಡೆಯ ದಿಕ್ಕನ್ನು ಡಿಗ್ರಿಯಲ್ಲಿ ಡೇಟಾಬೇಸಿನಲ್ಲಿ ಬರೆದಿಟ್ಟರೆ "ನಿಮ್ಮ ಬಲಕ್ಕೆ ತಿರುಗಿ" ಎಂದು ಮೊದಲ ಸೂಚನೆಯನ್ನೇ ಸರಿಯಾಗಿ ಕೊಡಬಹುದು. ದಿಕ್ಸೂಚಿ ಕೈಕೊಡುವ ಕಬ್ಬಿಣದ ಕಟ್ಟಡದಲ್ಲೂ ಇದು ತಪ್ಪುವುದಿಲ್ಲ.

ಕೋಡ್‌ನಲ್ಲಿ ಕೊಠಡಿಯ ಹೆಸರು ಬೇಡ, ಚಿಕ್ಕ ಜಾಲವಿಳಾಸ ಮತ್ತು ಬದಲಾಗದ ಗುರುತು ಸಾಕು. ವಿಳಾಸ ಚಿಕ್ಕದಾದಷ್ಟೂ ಚೌಕಗಳು ದೊಡ್ಡದಾಗಿ, ಓದುವುದು ಸುಲಭ. ದೋಷ ತಿದ್ದುವಿಕೆ ಎಚ್ (ಅತಿ ಹೆಚ್ಚಿನ) ಮಟ್ಟದಲ್ಲಿರಲಿ; ಸುಮಾರು ಶೇ. 30ರಷ್ಟು ಹಾಳಾದರೂ ಓದಲು ಬರುತ್ತದೆ. 10 ಸೆಂಟಿಮೀಟರ್ ಕೋಡ್ ಸುಮಾರು 1 ಮೀಟರ್ ದೂರದಿಂದ ಓದಿಸಿಕೊಳ್ಳುತ್ತದೆ, ಆ ಅನುಪಾತ ನೆನಪಿಡಿ. ಹೊಳಪಿನ ಲ್ಯಾಮಿನೇಷನ್ ಬೇಡ, ದೀಪದ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಸೋಲುತ್ತದೆ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಂಟಿಸಿದರೆ ಗಾಲಿಕುರ್ಚಿಯಲ್ಲಿ ಕೂತವರಿಗೂ ಸಿಗುತ್ತದೆ.

ಎಲ್ಲಿ ಅಂಟಿಸಬೇಕು? ಜನ ಗೊಂದಲಗೊಂಡು ನಿಲ್ಲುವ ಕಡೆ: ಮುಖ್ಯ ಬಾಗಿಲು, ಲಿಫ್ಟಿನಿಂದ ಹೊರಬಂದ ಕೂಡಲೇ ಎದುರಾಗುವ ಗೋಡೆ, ಮೆಟ್ಟಿಲಿನ ತುದಿ, ನಾಲ್ಕು ಕಾರಿಡಾರ್ ಕೂಡುವ ಜಾಗ. ಇದಕ್ಕೆ ಆ್ಯಪ್ ಕೂಡ ಬೇಕಿಲ್ಲ, ಬ್ರೌಸರ್ ಪುಟ ಸಾಕು. ಒಂದು ದಿನಕ್ಕಷ್ಟೇ ಬರುವ ಅತಿಥಿಯೊಬ್ಬರು ನಿಮ್ಮ ಆ್ಯಪ್ ಇಳಿಸಿಕೊಳ್ಳುವುದಿಲ್ಲ.

ಇದನ್ನು ಜನರ ಕೈಗೆ ಕೊಟ್ಟು ಒಂದು ತಿಂಗಳಾದರೂ ನೋಡಿ. ಎಲ್ಲಿಂದ ಹೆಚ್ಚು ಸ್ಕ್ಯಾನ್ ಬರುತ್ತದೆ, ಯಾವ ಹುಡುಕಾಟಕ್ಕೆ ಉತ್ತರವೇ ಸಿಗುತ್ತಿಲ್ಲ ಎಂಬುದನ್ನು ಗಮನಿಸಿ. ಮುಂದೆ ಬೀಕನ್ ಎಲ್ಲಿ ಬೇಕು, ನಿಜಕ್ಕೂ ಬೇಕೇ ಎಂಬುದನ್ನು ಈ ಲೆಕ್ಕವೇ ತಿಳಿಸುತ್ತದೆ.

## ಹಂತ 7: ಸ್ಥಾನಪತ್ತೆಯ ತಂತ್ರ ಆರಿಸಿ

ಜಿಪಿಎಸ್ ಸಿಗ್ನಲ್ ನೆಲ ಮುಟ್ಟುವಷ್ಟರಲ್ಲಿ ಬಹಳ ಕ್ಷೀಣಿಸಿರುತ್ತದೆ, ಕಾಂಕ್ರೀಟು ಅದನ್ನು ಇನ್ನಷ್ಟು ನುಂಗುತ್ತದೆ. ಕಟ್ಟಡದ ಒಳಗೆ ಅದನ್ನು ನಂಬುವಂತಿಲ್ಲ. ಉಳಿದ ದಾರಿಗಳು ಇವು.

ವೈ-ಫೈ ಫಿಂಗರ್‌ಪ್ರಿಂಟಿಂಗ್: ಪ್ರತಿ ಜಾಗದಲ್ಲಿ ಯಾವ ರೂಟರ್ ಎಷ್ಟು ಬಲವಾಗಿ ಕೇಳಿಸುತ್ತದೆ ಎಂದು ಮೊದಲೇ ದಾಖಲಿಸಿ, ಆಮೇಲೆ ಹೋಲಿಸುವುದು. ಹೊಸ ಯಂತ್ರ ಬೇಡ ಎಂಬ ಕಾರಣಕ್ಕೆ ಎಲ್ಲರಿಗೂ ಇದೇ ಮೊದಲು ಹಿಡಿಸುತ್ತದೆ. ಆದರೆ ಐಫೋನಿನಲ್ಲಿ ಸಾಮಾನ್ಯ ಆ್ಯಪ್‌ಗಳಿಗೆ ಸುತ್ತಲಿನ ವೈ-ಫೈ ಸಿಗ್ನಲ್‌ಗಳ ಬಲ ಓದುವ ಅವಕಾಶವಿಲ್ಲ. ಆಂಡ್ರಾಯ್ಡ್ 9ರಿಂದ ಆಚೆಗೆ ತೆರೆದಿರುವ ಆ್ಯಪ್ ಕೂಡ 2 ನಿಮಿಷಕ್ಕೆ 4 ಸಲ ಮಾತ್ರ ಸ್ಕ್ಯಾನ್ ಮಾಡಬಹುದು. ನಡೆಯುವವನು ಆ ಅಂತರದಲ್ಲಿ ಕಾರಿಡಾರ್ ದಾಟಿರುತ್ತಾನೆ. ಪ್ರಯೋಗಾಲಯದಲ್ಲಿ ಗೆದ್ದು ಕ್ಯಾಂಪಸ್ಸಿನಲ್ಲಿ ಸೋಲುವ ಯೋಜನೆಗಳಲ್ಲಿ ಬಹುಪಾಲು ಬೀಳುವುದು ಈ ಗುಂಡಿಗೇ.

ವೈ-ಫೈ ಆರ್‌ಟಿಟಿ: ಸಿಗ್ನಲ್ ಹೋಗಿಬರುವ ಸಮಯ ಅಳೆಯುತ್ತದೆ, 1ರಿಂದ 2 ಮೀಟರ್ ನಿಖರತೆ ಸಾಧ್ಯ. ರೂಟರ್ ಮತ್ತು ಫೋನ್ ಎರಡೂ ಇದನ್ನು ಬೆಂಬಲಿಸಬೇಕು. ಎಲ್ಲ ವಿದ್ಯಾರ್ಥಿಗಳ ಫೋನಿನಲ್ಲೂ ಇರುತ್ತದೆ ಎಂದುಕೊಳ್ಳಬೇಡಿ.

ಅಲ್ಟ್ರಾ ವೈಡ್‌ಬ್ಯಾಂಡ್: ರೇಡಿಯೋ ತರಂಗದಿಂದ ದೂರ ಅಳೆಯುತ್ತದೆ; ಹತ್ತಾರು ಸೆಂಟಿಮೀಟರ್ ನಿಖರತೆ, ದುಬಾರಿ ಆ್ಯಂಕರ್‌ಗಳು (ಗೋಡೆಗೆ ಕೂರಿಸುವ ಸಾಧನಗಳು), ಆಯ್ದ ಫೋನುಗಳು. ಕೊಠಡಿ ಹುಡುಕಲು ಇಷ್ಟು ನಿಖರತೆ ಬೇಕಾಗಿಲ್ಲ.

ಬ್ಲೂಟೂತ್ ಬೀಕನ್: ಬಹುತೇಕ ಎಲ್ಲ ಫೋನುಗಳಲ್ಲೂ ನಡೆಯುತ್ತದೆ, 2ರಿಂದ 5 ಮೀಟರ್ ನಿಖರತೆ ನಿರೀಕ್ಷಿಸಬಹುದು. ಕ್ಯಾಂಪಸ್ಸಿಗೆ ನನ್ನ ಆಯ್ಕೆ ಇದೇ, ಫೋನಿನ ಚಲನ ಸಂವೇದಕಗಳ ಜೊತೆಗೆ. ಐಫೋನಿನ ಸಫಾರಿಯಲ್ಲಿ ಬ್ರೌಸರ್ ಪುಟದಿಂದ ಬ್ಲೂಟೂತ್ ಮುಟ್ಟಲಾಗದು, ಆದ್ದರಿಂದ ಇಲ್ಲಿಂದ ಮುಂದೆ ಆ್ಯಪ್ ಅನಿವಾರ್ಯ. ಬ್ರೌಸರ್ ಪುಟವನ್ನು ಮಾತ್ರ ತೆಗೆದುಹಾಕಬೇಡಿ.

## ಹಂತ 8: ಬೀಕನ್ ಅಳವಡಿಸಿ

ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬೀಕನ್ ಮತ್ತು ಫೋನಿನ ನಡುವೆ ಬಳಕೆದಾರನ ದೇಹವೇ ಅಡ್ಡ ಬಂದರೂ ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಯುತ್ತದೆ. ಅಂದರೆ ಸುಮ್ಮನೆ ಹಿಂದಕ್ಕೆ ತಿರುಗಿ ನಿಂತವನನ್ನು ವ್ಯವಸ್ಥೆ ಎರಡು ಪಟ್ಟು ದೂರ ತಳ್ಳಿಬಿಡುತ್ತದೆ. ಒಂದೊಂದು ಬೀಕನ್ನಿನ ದೂರ ಲೆಕ್ಕ ಹಾಕಿ ತ್ರಿಕೋನ ಕಟ್ಟುವ ಪಠ್ಯಪುಸ್ತಕದ ವಿಧಾನ ಕಟ್ಟಡದೊಳಗೆ ನಡುಗುವುದು ಇದಕ್ಕೇ. ದೂರವನ್ನು ಬಿಟ್ಟು, ಯಾವ ಬೀಕನ್ ಎಲ್ಲಕ್ಕಿಂತ ಬಲವಾಗಿ ಕೇಳುತ್ತಿದೆ, ಅದು ಎಷ್ಟು ಹೊತ್ತಿನಿಂದ ಹಾಗಿದೆ ಎಂಬುದನ್ನು ನೋಡಿ. ಹೆಚ್ಚು ಸ್ಥಿರ.

ಬೀಕನ್‌ಗಳನ್ನು 2.5ರಿಂದ 3 ಮೀಟರ್ ಎತ್ತರದಲ್ಲಿ, ಜನರ ತಲೆಯ ಮೇಲೆ ಬರುವಂತೆ ಇಡಿ. ಕಾರಿಡಾರಿನಲ್ಲಿ 8ರಿಂದ 10 ಮೀಟರಿಗೊಂದು, ತಿರುವಿನಲ್ಲಿ ತಪ್ಪದೆ ಒಂದು. ಲೋಹದ ಪೈಪ್, ಗಾಳಿ ಕೊಳವೆ, ಟ್ಯೂಬ್‌ಲೈಟಿನ ಲೋಹದ ಪೆಟ್ಟಿಗೆಗೆ ಅಂಟಿಸಬೇಡಿ. ಮೇಲೂ ಕೆಳಗೂ ಒಂದೇ ಲಂಬದಲ್ಲಿ ಇಟ್ಟರೆ ಮಹಡಿ ಗೊಂದಲವಾಗುತ್ತದೆ, ತುಸು ಸರಿಸಿ. ತೆರೆದ ಅಂಗಳದ ಸುತ್ತ ಮಹಡಿಗಳಿರುವ ಕಟ್ಟಡದಲ್ಲಿ ಈ ಗೊಂದಲ ಅತಿ ಹೆಚ್ಚು. ಎದುರು ಬದಿಯ ಮೇಲಿನ ಮಹಡಿಯ ಬೀಕನ್ ಗೋಡೆಯ ಅಡ್ಡಿಯಿಲ್ಲದೆ ನೇರ ಕೇಳಿಸುತ್ತದೆ.

ಆ್ಯಪಲ್‌ನ ಬೀಕನ್ ಪದ್ಧತಿಯಾದ ಐಬೀಕನ್ ಬಳಸಿದರೆ ಕ್ಯಾಂಪಸ್ಸಿಗೆಲ್ಲ ಒಂದೇ ಯುಯುಐಡಿ (ಬೀಕನ್ ಬಿತ್ತರಿಸುವ ಉದ್ದನೆಯ ಗುರುತುಸಂಖ್ಯೆ) ಇಡಿ, ಕಟ್ಟಡಕ್ಕೆ ಮೇಜರ್, ಬೀಕನ್ನಿಗೆ ಮೈನರ್ ಸಂಖ್ಯೆ. ಐಫೋನಿನಲ್ಲಿ ಒಂದು ಆ್ಯಪ್ ಏಕಕಾಲಕ್ಕೆ 20 ಪ್ರದೇಶಗಳನ್ನು (ಒಂದು ಯುಯುಐಡಿಗೆ ಒಂದು ಪ್ರದೇಶ ಎಂದುಕೊಳ್ಳಿ) ಮಾತ್ರ ಗಮನಿಸಬಲ್ಲದು. ಕಟ್ಟಡಕ್ಕೊಂದು ಯುಯುಐಡಿ ಕೊಟ್ಟವರು ಇಪ್ಪತ್ತೊಂದನೇ ಕಟ್ಟಡದಲ್ಲಿ ಸಿಕ್ಕಿಬೀಳುತ್ತಾರೆ. ಯಾವ ಸಂಖ್ಯೆ ಯಾವ ಜಾಗ ಎಂಬ ಪಟ್ಟಿ ನಿಮ್ಮದೇ ಡೇಟಾಬೇಸಿನಲ್ಲಿರಲಿ. ಮಾರಾಟಗಾರನ ಕ್ಲೌಡ್‌ನಲ್ಲಿ ಮಾತ್ರ ಇಟ್ಟರೆ ಆ ಸೇವೆ ನಿಂತ ದಿನ ಬೀಕನ್‌ಗಳು ಬರೀ ಪ್ಲಾಸ್ಟಿಕ್ ಡಬ್ಬಿಗಳು.

## ಹಂತ 9: ಚುಕ್ಕೆಯನ್ನು ಸ್ಥಿರಗೊಳಿಸಿ

ಬೀಕನ್ ಒಂದೇ ಸಾಲದು. ಆಕ್ಸೆಲೆರೋಮೀಟರಿನಿಂದ ಹೆಜ್ಜೆ ಎಣಿಸಿ, ಜೈರೋಸ್ಕೋಪಿನಿಂದ ತಿರುವು ಹಿಡಿಯಿರಿ. ಹೆಜ್ಜೆ ಲೆಕ್ಕ ನಡೆದಷ್ಟೂ ದಾರಿ ತಪ್ಪುತ್ತಾ ಹೋಗುತ್ತದೆ, ಬೀಕನ್ ಅದನ್ನು ಆಗಾಗ ಸರಿದಾರಿಗೆ ತರುತ್ತದೆ. ಎರಡನ್ನೂ ಬೆಸೆಯಲು ಪಾರ್ಟಿಕಲ್ ಫಿಲ್ಟರ್ (ಬಳಕೆದಾರ ಇರಬಹುದಾದ ಹಲವು ಊಹೆಯ ಸ್ಥಾನಗಳನ್ನು ಒಟ್ಟಿಗೆ ಇಟ್ಟುಕೊಂಡು ಸೋಸುವ ವಿಧಾನ) ಒಳ್ಳೆಯದು, ಗೋಡೆ ದಾಟಿದ ಊಹೆಗಳನ್ನು ಅದು ಸಹಜವಾಗಿ ಕೈಬಿಡುತ್ತದೆ. ಫೋನಿನ ದಿಕ್ಸೂಚಿಯನ್ನು ಲಿಫ್ಟ್ ಮತ್ತು ಉಕ್ಕಿನ ಕಂಬಗಳ ಹತ್ತಿರ ನಂಬಬೇಡಿ.

ಮಹಡಿ ತಿಳಿಯಲು ವಾಯುಭಾರಮಾಪಕ ನೆರವಾಗುತ್ತದೆ. ಪ್ರತಿ ಮೀಟರ್ ಏರಿಕೆಗೆ ಒತ್ತಡ ಸುಮಾರು 0.12 ಹೆಕ್ಟೋಪಾಸ್ಕಲ್ ಇಳಿಯುತ್ತದೆ, 4 ಮೀಟರ್ ಎತ್ತರದ ಮಹಡಿಗೆ ಅರ್ಧ ಹೆಕ್ಟೋಪಾಸ್ಕಲ್‌ನಷ್ಟು. ಹವಾಮಾನ ಬದಲಾದರೂ ಕೆಲವೇ ಗಂಟೆಗಳಲ್ಲಿ ಇಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ಒತ್ತಡದ ಅಂಕಿಯಿಂದ ನೇರವಾಗಿ ಮಹಡಿ ಹೇಳಬೇಡಿ. ಒಂದೆರಡು ನಿಮಿಷದೊಳಗೆ ಎಷ್ಟು ಏರುಪೇರಾಯಿತು ಎಂಬುದನ್ನು ಮಾತ್ರ ಬಳಸಿ. ಈ ಸಂವೇದಕ ಇಲ್ಲದ ಫೋನುಗಳೂ ಬಹಳ ಇವೆ.

ಕೊನೆಗೆ ಸಿಕ್ಕ ಸ್ಥಾನವನ್ನು ದಾರಿಜಾಲದ ಎಡ್ಜ್‌ಗೆ ಅಂಟಿಸಿ. ಹತ್ತಿರದ ಎಡ್ಜ್‌ಗೆ ಎಂದು ಕಣ್ಣು ಮುಚ್ಚಿ ಅಂಟಿಸಿದರೆ ಗೋಡೆಯ ಆಚೆ ಬದಿಯ ಕಾರಿಡಾರ್ ಹತ್ತಿರವಾಗಿಬಿಡಬಹುದು. ಹಿಂದಿನ ಸ್ಥಾನದಿಂದ ಅಷ್ಟು ಹೊತ್ತಿನಲ್ಲಿ ನಡೆದು ತಲುಪಬಹುದಾದ ಎಡ್ಜ್‌ಗಳಲ್ಲಿ ಮಾತ್ರ ಹುಡುಕಿ.

ಎಚ್ಚರಿಕೆಯ ಚಿಹ್ನೆಗಳು: ನಿಂತಾಗಲೂ ಚುಕ್ಕೆ ಅಲೆಯುವುದು, ಮುಖ್ಯ ಬಾಗಿಲ ಬಳಿ ಒಳಗೂ ಹೊರಗೂ ಹಾರುವುದು, "ದಾರಿ ಮತ್ತೆ ಲೆಕ್ಕಿಸಲಾಗುತ್ತಿದೆ" ಎಂದು ಪದೇ ಪದೇ ಬರುವುದು. ಕೊನೆಯದಕ್ಕೆ ಕಾರಣ ಮಿತಿ ತೀರಾ ಬಿಗಿಯಾಗಿರುವುದು. ಸ್ಥಾನದ ತಪ್ಪೇ 5 ಮೀಟರ್ ಇರುವಾಗ 3 ಮೀಟರ್ ಸರಿದರೆ ದಾರಿ ತಪ್ಪಿದ ಎಂದು ತೀರ್ಮಾನಿಸಬಾರದು. 8ರಿಂದ 10 ಮೀಟರ್, ಅದೂ ಕೆಲವು ಸೆಕೆಂಡ್ ಸತತವಾಗಿ ಇದ್ದರೆ ಮಾತ್ರ ಹೊಸ ದಾರಿ ಲೆಕ್ಕಿಸಿ. ಬಾಗಿಲ ಬಳಿಯ ಹಾರಾಟಕ್ಕೂ ಇಂಥದೇ ಮದ್ದು: ಬಾಗಿಲಿನ ಬೀಕನ್ ಕೇಳಿಸಿ, ಆಮೇಲೂ ಸ್ವಲ್ಪ ಹೊತ್ತು ಒಳಗಿನ ಬೀಕನ್‌ಗಳೇ ಬಲವಾಗಿದ್ದರೆ ಮಾತ್ರ ಜಿಪಿಎಸ್ ಬಿಟ್ಟು ಒಳಗಿನ ವ್ಯವಸ್ಥೆಗೆ ದಾಟಿ.

## ಹಂತ 10: ಮನುಷ್ಯನಿಗೆ ಅರ್ಥವಾಗುವಂತೆ ಹೇಳಿ

"18 ಮೀಟರ್ ನಂತರ ಎಡಕ್ಕೆ" ಎಂದರೆ ಯಾರಿಗೂ ಅಂದಾಜು ಸಿಗುವುದಿಲ್ಲ. "ಕುಡಿಯುವ ನೀರಿನ ಯಂತ್ರ ದಾಟಿದ ಮೇಲೆ ಎಡಕ್ಕೆ" ಎಂದರೆ ತಪ್ಪಲು ಅವಕಾಶ ಕಡಿಮೆ. ತಿರುವಿನ ನೋಡ್‌ಗಳಿಗೆಲ್ಲ ಕಣ್ಣಿಗೆ ಬೀಳುವ ಒಂದು ಗುರುತು ಬರೆದಿಡಿ. ಸ್ಥಳಾಂತರವಾಗುವ ಕುಂಡ, ಕುರ್ಚಿ, ಪೋಸ್ಟರ್ ಬೇಡ. ದೃಷ್ಟಿ ತೊಂದರೆಯವರಿಗೆ ಬೇರೆ ಪಠ್ಯ ಬೇಕು: ನೆಲ ಎಲ್ಲಿ ಬದಲಾಗುತ್ತದೆ, ಬಾಗಿಲು ಎಳೆಯಬೇಕೇ ತಳ್ಳಬೇಕೇ, ಮೆಟ್ಟಿಲು ಎಷ್ಟು. ಅವರಿಗೆ ಮೀಟರ್ ಅಥವಾ ಹೆಜ್ಜೆಯ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್ ಹಾಕಿಕೊಂಡು ಇಡೀ ದಾರಿ ನಡೆದು ನೋಡಿ.

ಹುಡುಕಾಟದಲ್ಲಿ "ಸಿ-204", "ಸಿ 204", "ಸಿ204" ಮೂರಕ್ಕೂ ಒಂದೇ ಉತ್ತರ ಬರಲಿ. "ರಸಾಯನಶಾಸ್ತ್ರ ಪ್ರಯೋಗಾಲಯ" ಎಂದರೂ "ಕೆಮಿಸ್ಟ್ರಿ ಲ್ಯಾಬ್" ಎಂದರೂ ಸಿಗಲಿ. ನಕ್ಷೆಯನ್ನು ಫೋನಿನಲ್ಲೇ ಉಳಿಸಿ, ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

## ಹಂತ 11: ಪರೀಕ್ಷೆ

ನೆಲದ ಮೇಲೆ ಟೇಪ್ ಅಂಟಿಸಿ ನಿಖರ ಸ್ಥಾನ ಗೊತ್ತಿರುವ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದರ ಮೇಲೂ ನಿಂತು ಆ್ಯಪ್ ಹೇಳಿದ ಸ್ಥಾನ ದಾಖಲಿಸಿ. ಸರಾಸರಿ ತಪ್ಪನ್ನು ನೋಡಿ ಸಮಾಧಾನಪಡಬೇಡಿ. ಮಧ್ಯಮಾಂಕ (ತಪ್ಪುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವುದು), ಶೇ. 95ರ ತಪ್ಪು (ನೂರರಲ್ಲಿ 95 ಅಳತೆಗಳ ತಪ್ಪು ಇದರೊಳಗೇ ಇರುತ್ತದೆ), ಮಹಡಿ ಎಷ್ಟು ಸಲ ಸರಿ ಬಂತು, ಈ ಮೂರನ್ನು ಬೇರೆ ಬೇರೆ ಬರೆಯಿರಿ. ಸರಾಸರಿ 3 ಮೀಟರ್ ಇದ್ದೂ ಹತ್ತರಲ್ಲಿ ಒಮ್ಮೆ ಮಹಡಿ ತಪ್ಪುವ ವ್ಯವಸ್ಥೆ ಜನರಿಗೆ ಬೇಡ. ಇಂಥ ಪರೀಕ್ಷೆಯ ವಿಧಾನಕ್ಕೆಂದೇ ಐಎಸ್‌ಒ/ಐಇಸಿ 18305 ಎಂಬ ಮಾನದಂಡ 2016ರಿಂದ ಇದೆ.

ರಾತ್ರಿ ಖಾಲಿ ಕಾರಿಡಾರಿನಲ್ಲಿ ಪಾಸಾದದ್ದು ತರಗತಿ ಬಿಟ್ಟ ಹೊತ್ತಿನಲ್ಲಿ ಫೇಲಾಗುತ್ತದೆ, ಜನರ ದೇಹ 2.4 ಗಿಗಾಹರ್ಟ್ಸ್ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಎರಡೂ ಹೊತ್ತಿನಲ್ಲಿ ಅಳೆಯಿರಿ, ಎಲ್ಲ ಫೋನುಗಳಲ್ಲೂ ಅಳೆಯಿರಿ. ಆಮೇಲೆ ಕ್ಯಾಂಪಸ್ ನೋಡಿರದ ಹೊಸಬರಿಗೆ ಒಂದು ಕೊಠಡಿ ಹುಡುಕಲು ಹೇಳಿ, ಹಿಂದೆ ನಡೆಯಿರಿ, ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ತಲೆಯೆತ್ತಿ ಸುತ್ತ ನೋಡಿದರು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ. ಮುಂದಿನ ತಿದ್ದುಪಡಿಯನ್ನು ಅಲ್ಲಿಂದ ಶುರುಮಾಡಿ.

## ಹಂತ 12: ನಿರ್ವಹಣೆ ಮತ್ತು ಖಾಸಗಿತನ

ಸ್ಥಾನದ ಲೆಕ್ಕ ಫೋನಿನಲ್ಲೇ ನಡೆಯಲಿ, ಸರ್ವರಿಗೆ ಹೋಗುವುದು ಬೇಡ. ಯಾವ ವಿದ್ಯಾರ್ಥಿ ಎಷ್ಟು ಹೊತ್ತಿಗೆ ಎಲ್ಲಿದ್ದ ಎಂಬ ದಾಖಲೆ ದಾರಿ ತೋರಿಸಲು ಬೇಕಿಲ್ಲ. ಇಟ್ಟುಕೊಂಡರೆ ಯಾರಾದರೂ ಒಂದು ದಿನ ಹಾಜರಾತಿಗೆ, ಕಣ್ಗಾವಲಿಗೆ ಅದನ್ನು ಕೇಳಿಯೇ ಕೇಳುತ್ತಾರೆ. ಬಳಕೆಯ ಅಂಕಿಅಂಶ ಬೇಕಿದ್ದರೆ ಹೆಸರು, ಖಾತೆ, ಫೋನಿನ ಗುರುತು ಇಲ್ಲದ ಒಟ್ಟು ಎಣಿಕೆ ಸಾಕು.

ಬೀಕನ್ ಬ್ಯಾಟರಿ ಖಾಲಿಯಾದಾಗ ಅದು ಹೇಳಿ ಹೋಗುವುದಿಲ್ಲ. ಗೂಗಲ್ ರೂಪಿಸಿದ ಎಡ್ಡಿಸ್ಟೋನ್ ಬೀಕನ್ ಮಾದರಿಯ ಟಿಎಲ್‌ಎಂ (ಬೀಕನ್ನಿನ ಸ್ಥಿತಿ ತಿಳಿಸುವ) ಸಂದೇಶದಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತದೆ, ಸಿಬ್ಬಂದಿಯ ಫೋನಿನಲ್ಲಿ ಅದನ್ನು ಓದುವ ಸಣ್ಣ ಸಾಧನ ಇಡಿ. ತಿಂಗಳಿಗೊಮ್ಮೆ ಎಲ್ಲ ಕಾರಿಡಾರ್ ಸುತ್ತುವ ಜವಾಬ್ದಾರಿ ಒಬ್ಬರ ಹೆಸರಿಗೇ ಇರಲಿ, ತಂಡದ ಹೆಸರಿಗೆ ಬೇಡ.

ಗೋಡೆ ಕೆಡವುವ, ಕೊಠಡಿ ಬದಲಿಸುವ, ಲಿಫ್ಟ್ ನಿಲ್ಲಿಸುವ ಪ್ರತಿ ಆದೇಶದ ಪ್ರತಿಯೂ ನಕ್ಷೆ ನೋಡಿಕೊಳ್ಳುವವರಿಗೆ ಬರುವಂತೆ ಕಚೇರಿಯ ನಿಯಮದಲ್ಲೇ ಸೇರಿಸಿ. ಲಿಫ್ಟ್ ಕೆಟ್ಟ ಸುದ್ದಿ ಬಂದ ಕೂಡಲೇ ಆ ಎಡ್ಜ್ ಮುಚ್ಚಲು ಒಂದೇ ಗುಂಡಿ ಸಾಕಾಗಬೇಕು, ಪ್ರೋಗ್ರಾಮರ್‌ಗೆ ಕಾಯುವಂತಿರಬಾರದು. ಆ್ಯಪ್‌ನ ಪ್ರತಿ ಸೂಚನೆಯ ಪಕ್ಕದಲ್ಲೂ "ಈ ದಾರಿ ತಪ್ಪಾಗಿದೆ" ಎಂದು ತಿಳಿಸುವ ಗುಂಡಿ ಇಡಿ. ಒತ್ತಿದಾಗ ಆ ಎಡ್ಜ್‌ನ ಗುರುತು ತಾನೇ ಜೊತೆಗೆ ಹೋಗಲಿ, ಬಳಕೆದಾರ ಜಾಗವನ್ನು ವಿವರಿಸಬೇಕಾಗಬಾರದು. ಹಳೆಯ ಕ್ಯೂಆರ್ ಕೋಡ್ ಇರುವ ಗೋಡೆ ಹೋದರೆ ಅದರ ಗುರುತನ್ನು ಬೇರೆ ಜಾಗಕ್ಕೆ ಮರುಬಳಸಬೇಡಿ. ಆ ಗುರುತನ್ನು ರದ್ದೆಂದು ದಾಖಲಿಸಿ. ಯಾರದೋ ಫೋನಿನಲ್ಲಿ ಉಳಿದ ಹಳೆಯ ಫೋಟೋದಿಂದ ಅದನ್ನು ಸ್ಕ್ಯಾನ್ ಮಾಡಿದರೆ ತಪ್ಪು ಜಾಗ ತೋರಿಸುವ ಬದಲು, ಹತ್ತಿರದ ಇನ್ನೊಂದು ಕೋಡ್ ಎಲ್ಲಿದೆ ಎಂದು ಪುಟ ತಿಳಿಸಲಿ.